ಕಸ ಗುಡ್ಸೋಳ ಮಗಳು

“ಮೂಗು ಮುಚ್ಕೊಂಡು ಬಳಿಯೋಕೆ ನೀನೇನು ಸಾಹುಕಾರನ ಹೆಂಡ್ತಿಯೇನೇ, ಮುಂಡೆ? ಕೈ ಹಾಕಿ ತೆಗಿ.”

ಹೆಡ್‌ಮಾಸ್ಟರು ಕಕ್ಕಸಿನ ಬಾಗಿಲಲ್ಲಿ ನಿಂತು ಗದರಿದರು. ಅವಳು ಮೂಗಿಗೆ ಅಡ್ಡ ಹಿಡಿದ ಸೆರಗನ್ನು ಬಿಟ್ಟು, ಕಟ್ಟಿಕೊಂಡಿದ್ದ ಕೊಳವೆಯೊಳಗೆ ಮೊಣಕೈವರೆಗೆ ಕೈ ಇಳಿಸಿದಳು. ಶಾಲೆಯ ಕಸ, ಕಕ್ಕಸು ಎರಡೂ ಅವಳದೇ ಕೆಲಸ. ಬೇರೆ ದಿನವಾಗಿದ್ದರೆ ಬೈಗುಳವನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದಳು. ಇವತ್ತು ಗೋಡೆಯಾಚೆ ಒಂದನೇ ಕ್ಲಾಸಿನಲ್ಲಿ ಅವಳ ಮಗಳು ಕೂತಿದ್ದಳು. ಮೊದಲ ದಿನ.

ಬೆಳಿಗ್ಗೆ ಗೇಟಿನ ಹತ್ತಿರ ಉಳಿದ ಮಕ್ಕಳೆಲ್ಲ ತಾಯಂದಿರ ಕಾಲಿಗೆ ಜೋತುಬಿದ್ದು ರಂಪ ಮಾಡುತ್ತಿದ್ದವು. ತನ್ನ ಮಗಳೂ ಅಳುತ್ತಾಳೆ, ಎತ್ತಿಕೊಂಡು ಸಮಾಧಾನ ಮಾಡೋಣ ಎಂದು ಅವಳು ಕಾದಿದ್ದೇ ಬಂತು. ಹುಡುಗಿ ಕೈ ಕೊಡವಿಕೊಂಡು ಓಡಿದವಳು ತಿರುಗಿ ಕೂಡ ನೋಡಲಿಲ್ಲ. ಮಿಸ್ಸು ಬಗ್ಗಿ ಅವಳ ಕೆನ್ನೆ ಸವರಿ, ಎಷ್ಟು ಜಾಣ ಮಗು ಅಂದರು. ಇದೇ ಮಿಸ್ಸು, ಇವಳು ಹತ್ತಿರ ಬಂದರೆ ಹೊಸ್ತಿಲಾಚೆಯೇ ನಿಂತು ಮಾತಾಡು ಅನ್ನುವವರು.

ಖುಷಿ ಆಗಬೇಕಿತ್ತು. ಆಯಿತು ಕೂಡ. ಅದರ ಬೆನ್ನಿಗೇ ಎದೆಯಲ್ಲಿ ಏನೋ ಚುರ್ರೆಂದಿತು. ಮಗಳ ಈ ವಯಸ್ಸಿನಲ್ಲಿ ಅವಳು ತನ್ನ ಅವ್ವನ ಹಿಂದೆ ಬಕೆಟ್ಟು ಹೊತ್ತು ಇಂಥದೇ ಒಂದು ಶಾಲೆಗೆ ಹೋಗುತ್ತಿದ್ದಳು. ಗೋಡೆಯ ಮರೆಯಲ್ಲಿ ನಿಂತು ಒಳಗಿನ ಮಕ್ಕಳ ಜೊತೆ ತಾನೂ ಮಗ್ಗಿ ಕೂಗಿದ್ದಕ್ಕೆ ಮೇಷ್ಟ್ರು ಹೊರಗೆ ಬಂದು ಉಗಿದಿದ್ದರು. ಅವ್ವ ಅವರ ಮುಂದೆಯೇ ಎರಡು ಬಾರಿಸಿದ್ದಳು. ಅವಳ ಕೆನ್ನೆಯನ್ನು ಯಾವ ಮಿಸ್ಸೂ ಸವರಿರಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದವಳ ಮೇಲೆಯೇ ಹೊಟ್ಟೆಕಿಚ್ಚೇನೇ ನಿನಗೆ ಎಂದು ತನ್ನನ್ನು ತಾನೇ ಬೈದುಕೊಂಡಳು. ಉರಿ ಮಾತ್ರ ಆರಲಿಲ್ಲ.

ಕೊಳವೆ ಬಿಡಿಸಿ, ಕೈ ತೊಳೆಯಲು ನಲ್ಲಿಗೆ ಹೋಗುವಾಗ ಕ್ಲಾಸಿನ ಕಿಟಕಿಯಲ್ಲಿ ಇಣುಕಿದಳು. ಮಗಳು ನೋಡಿದಳು. ನಗಲಿಲ್ಲ. ಪಕ್ಕದ ಹುಡುಗಿ, ಯಾರೇ ಅದು ಎಂದು ಕೇಳಿದಳು.

“ಕಸ ಗುಡ್ಸೋಳು,” ಎಂದಳು ಮಗಳು.

ಅವಳು ನಲ್ಲಿ ತಿರುಗಿಸಿ ಚರ್ಮ ಕೆಂಪಾಗುವ ತನಕ ಕೈ ಉಜ್ಜಿದಳು. ಅಷ್ಟರಲ್ಲಿ ಅದೇ ಕ್ಲಾಸಿನ ಹುಡುಗನೊಬ್ಬ ತಿಂದದ್ದೆಲ್ಲ ಕಾರಿಕೊಂಡನೆಂದು ಹೆಡ್‌ಮಾಸ್ಟರು ಅವಳನ್ನು ಕೂಗಿ ಕರೆಸಿದರು. ಬಾಗಿಲಲ್ಲೇ ನಿಂತು ಉಪಾಯವನ್ನೂ ಹೇಳಿಕೊಟ್ಟರು.

“ನಿನ್ ಮಗಳು ಇಲ್ಲೇ ಇದಾಳಲ್ಲ, ಅವಳ ಕೈಲಿ ನೀರು ಹೊರ್ಸು. ಅಕ್ಷರ ಕಲ್ತು ಅವಳೇನು ಕಡಿದು ಕಟ್ಟೆ ಹಾಕ್ಬೇಕಾಗಿಲ್ಲ. ನಾಳೆ ಹಿಡಿಯೋದು ಇದೇ ಪೊರಕೆ.”

ಒಂದು ಗಳಿಗೆ ಆ ಮಾತು ಅವಳಿಗೆ ಸಿಹಿಯಾಯಿತು. ಕಸ ಗುಡ್ಸೋಳಂತೆ. ಬರಲಿ, ಬಂದು ನೋಡಲಿ.

“ಬಾರೇ ಇಲ್ಲಿ,” ಎಂದು ಕರೆದಳು. “ಬಕೆಟ್ ಹಿಡಿ.”

ಹುಡುಗಿ ಎದ್ದು ಬಂದಳು. ಎರಡೂ ಕೈಯಲ್ಲಿ ಬಕೆಟ್ಟು ಎತ್ತಿ, ತೊಡೆಗೆ ಆನಿಸಿಕೊಂಡು ನಡೆದಳು. ನೀರು ತುಳುಕಿ ಹೊಸ ಲಂಗ ಕಾಲಿಗೆ ಅಂಟಿತು. ಮಕ್ಕಳು ಕಿಸಕ್ಕೆಂದವು. ಮಿಸ್ಸು ಹಿಂದಕ್ಕೆ ಸರಿದು, ಆಮೇಲೆ ಕಡೇ ಬೆಂಚಲ್ಲಿ ಕೂತ್ಕೊಳ್ಳಲಿ ಅಂದರು.

ಮಗಳು ಅಳಲಿಲ್ಲ. ತಲೆ ತಗ್ಗಿಸಿಕೊಂಡೇ ಕೇಳಿದಳು.

“ಎಲ್ಲಿ ಸುರೀಲಿ ಅವ್ವಾ?”

ಅವ್ವನ ಹಿಂದೆ ಬಕೆಟ್ಟು ಹೊತ್ತು ತಾನು ಕೇಳುತ್ತಿದ್ದುದೂ ಹೀಗೆಯೇ. ಎಷ್ಟು ಬೇಗ ಕಲಿತುಬಿಟ್ಟಳು. ಬಕೆಟ್ಟು ಕಸಿದುಕೊಂಡು ಹೋಗಿ ಹೆಡ್‌ಮಾಸ್ಟರ ಕಾಲಿನ ಮುಂದೆ ಕುಕ್ಕಿದಳು.

“ನೀವೇ ಸುರೀರಿ.”

ಮಗಳ ರಟ್ಟೆ ಹಿಡಿದು ಮುಂದಿನ ಬೆಂಚಿಗೆ ಕರೆತಂದು ಕೂರಿಸಿದಳು. ಪಕ್ಕದಲ್ಲಿ ತಾನೂ ಕೂತಳು.

“ಏಳೇ ಬೋಳಿ, ಅದು ಓದೋ ಮಕ್ಕಳು ಕೂರೋ ಜಾಗ.” ಹೆಡ್‌ಮಾಸ್ಟರ ಬಾಯಿಂದ ಅವಳ ಜಾತಿ, ಅವಳ ಅವ್ವ, ಅವಳ ನಡತೆ ಎಲ್ಲ ಹೊರಬಂತು. ಕೆಲಸದಿಂದ ಕಿತ್ತುಹಾಕುವ ಮಾತೂ ಬಂತು. ಅವಳು ಬೋರ್ಡಿನ ಕಡೆ ಮುಖ ಮಾಡಿದಳು.

“ಶುರು ಮಾಡ್ರಿ ಮಿಸ್ಸೋರೇ,” ಎಂದಳು.

ನೆಲದ ನಡುವೆ ವಾಂತಿ ಹಾಗೆಯೇ ಬಿದ್ದಿತ್ತು, ನೊಣ ಮುತ್ತತೊಡಗಿದ್ದವು. ಮಗಳು ಬೆಂಚಿನ ಮೇಲೆ ಒಂದಿಷ್ಟು ಆಚೆ ಸರಿದಳು. ಜಾಗ ಬಿಟ್ಟಳೋ, ದೂರ ಹೋದಳೋ, ಅವಳಿಗೆ ತಿಳಿಯಲಿಲ್ಲ.

ಅವಳು ಏಳಲಿಲ್ಲ.