ಕ್ವಾರಿಯ ಅಂಚು

“ಏಳೇ ಮುದುಕಿ ಮುಂಡೆ, ಕುರ್ಚಿ ಏನು ನಿಮ್ಮಪ್ಪಂದಾ? ಮೈತುಂಬಾ ಕಲ್ಲುಪುಡಿ ಬಳ್ಕೊಂಡು ಬಂದಿದಾಳೆ!”

ವಿಚಾರಣೆಯ ಕೋಣೆಯಲ್ಲಿ ಕ್ವಾರಿ ಸಾಹುಕಾರ ಹೀಗೆ ಗದರಿದಾಗ ಜಲ್ಲಿ ಒಡೆಯುವ ಆ ಹೆಂಗಸು ಎದ್ದು ಗೋಡೆಗೆ ಒರಗಿದಳು. ಪರದೆಯ ಪಕ್ಕ ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸುತ್ತಿದ್ದ ಭೂಗೋಳ ತಜ್ಞೆ ಸರಕ್ಕನೆ ತಿರುಗಿದಳು.

“ಅವರು ನಮ್ಮಮ್ಮ. ಅಮ್ಮಾ, ನೀನು ಕೂತ್ಕೊ.”

ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಪೆನ್ನು ಕೆಳಗಿಟ್ಟ. “ಓಹೋ, ಹಾಗೋ ವಿಷ್ಯ!”

ಕ್ವಾರಿ ಪಕ್ಕದ ಕೂಲಿ ಲೈನಿನ ಸಾಲುಮನೆಯಲ್ಲೇ ಹುಟ್ಟಿದವಳು ಈ ಮಗಳು. ವಿದ್ಯಾರ್ಥಿವೇತನದಲ್ಲಿ ಓದಿ, ಉಪಗ್ರಹದ ಚಿತ್ರಗಳಲ್ಲಿ ನೆಲ ಬದಲಾಗುವುದನ್ನು ಗುರುತಿಸುವುದನ್ನೇ ಕಸುಬು ಮಾಡಿಕೊಂಡಿದ್ದಳು. ಎಲ್ಲೋ ದೂರದ ನದಿ ದಿಕ್ಕು ಬದಲಿಸಿದ್ದು, ಕಾಡು ತೆಳುವಾದದ್ದು, ಎಲ್ಲದರ ಬಗ್ಗೆ ಬರೆದು ಹೆಸರು ಮಾಡಿದ್ದಳು. ಲೈನಿನ ಮನೆಗಳು ಬಿರುಕು ಬಿಟ್ಟು, ಒಂದು ಮನೆ ಮಲಗಿದ್ದವರ ಸಮೇತ ಕ್ವಾರಿಗೆ ಜಾರಿದ ಮೇಲೆ ಗಣಿ ಇಲಾಖೆ ಅವಳಿಂದಲೇ ಈ ಗುಡ್ಡದ ವರದಿ ಕೇಳಿತು. “ಮಳೆಗೆ ಮಣ್ಣು ಕುಸೀತು ಅಂತ ಬರಿಯಮ್ಮ, ಮುಗೀತು” ಎಂದಿದ್ದರು ಅವಳ ಸಂಸ್ಥೆಯ ನಿರ್ದೇಶಕರು. ಅವಳು ಬರೆಯಲಿಲ್ಲ.

ಚಿತ್ರಗಳು ಪರದೆಗೆ ಬಂದವು. ಹಸಿರು ಗುಡ್ಡ. ಅದರ ಮಗ್ಗುಲಲ್ಲೊಂದು ಬಿಳಿ ಗಾಯ. ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಾ, ಪರವಾನಗಿಯ ಗೆರೆ ದಾಟಿ, ಮನೆಗಳ ಬುಡಕ್ಕೇ ಬಂದ ಗುಂಡಿ.

“ಮಳೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೊರೆಯಲ್ಲ ಸರ್. ಅಗೆದಿದಾರೆ.”

ಸಾಹುಕಾರ ನಕ್ಕ. “ಆಕಾಶದಿಂದ ಹೊಡೆದ ಫೋಟೋ ಸರ್. ಮೋಡದ ನೆರಳೋ ಏನೋ.”

“ನಿನ್ನ ಬಾಯಿಗೆ ಮಣ್ಣು ಬೀಳ!” ಅಮ್ಮ ಕಿರುಚಿದಳು. “ನನ್ನ ತಮ್ಮ, ಅವನ ಹೆಂಡ್ತಿ ನೆರಳಲ್ಲಿ ಬಿದ್ದು ಸತ್ರೇನೋ, ಹಲ್ಕಟ್ ನನ್ಮಗನೆ?”

“ಇವಳನ್ನ ಆಚೆ ಹಾಕಿ” ಎಂದ ಅಧಿಕಾರಿ ಮಗಳ ಕಡೆ ತಿರುಗಿದ. “ನಿಮ್ಮೋರ ಬಗ್ಗೆ ನೀನೇ ಬರೆದ್ರೆ ಯಾರಮ್ಮ ನಂಬ್ತಾರೆ? ಬೇರೆಯವರ ಹತ್ರ ಬರೆಸ್ತೀವಿ ಬಿಡು.”

ಪರದೆ ಆರಿತು. ಸಂಜೆಯೊಳಗೆ ಅವಳ ಕೆಲಸವೂ ಹೋಯಿತು.

ಮರುದಿನ ಬೆಳಿಗ್ಗೆ ಕ್ವಾರಿಯ ಅಂಚಿನಲ್ಲಿ, ಮನೆಗಳಿಗೆ ಒತ್ತಿಕೊಂಡೇ, ಸಾಹುಕಾರನ ಆಳುಗಳು ಕುಳಿ ಕೊರೆದು ಸಿಡಿಮದ್ದು ತುಂಬಿದರು. ದೂರ ಹೋಗಿ ಎಂದು ಸೈರನ್ ಕೂಗಿತು. ಲೈನಿನ ಹೆಂಗಸರು ಹೋಗಲಿಲ್ಲ. ಬಂದು ಮದ್ದಿನ ಕುಳಿಗಳ ಮೇಲೆಯೇ ಕುಕ್ಕರಿಸಿದರು. ಮಗಳು ಏದುಸಿರು ಬಿಡುತ್ತಾ ಓಡಿಬಂದು ಅಮ್ಮನ ರಟ್ಟೆ ಹಿಡಿದೆಳೆದಳು.

“ಏಳಮ್ಮಾ! ಹುಚ್ಚಾ ನಿಮಗೆಲ್ಲ? ಸಾಯ್ತೀರ!”

“ಇಷ್ಟು ವರ್ಷ ನೀನು ಮೇಲಿಂದ ನೋಡ್ದೆ. ಈಗ ಇಲ್ಲಿಂದ ನೋಡು. ಕೂತ್ಕೊ.”

ಅವಳು ಕೂತಳು. ಕೆಳಗಿನ ಮಣ್ಣು ಇನ್ನೂ ಹಸಿಯಾಗಿತ್ತು.

ಸೈರನ್ ಮತ್ತೆ ಕೂಗಿತು. ಮದ್ದು ಸಿಡಿಸುವವನು ಕೈಯಲ್ಲಿದ್ದ ಪೆಟ್ಟಿಗೆಯ ಬಟನ್ ಮೇಲೆ ಹೆಬ್ಬೆರಳಿಟ್ಟು ಜೀಪಿನ ಕಡೆ ನೋಡಿದ. ಸಾಹುಕಾರ ಗಾಜು ಇಳಿಸಿದ.

“ಏನೋ ನೋಡ್ತೀಯ, ಒತ್ತೋ ಬೋಳಿಮಗನೆ!”

ಹೆಂಗಸರಲ್ಲಿ ಒಬ್ಬಳೂ ಏಳಲಿಲ್ಲ. ಮದ್ದು ಸಿಡಿಸುವವನ ಹೆಬ್ಬೆರಳು ಬಟನ್ ಮೇಲೇ ಇತ್ತು, ಇನ್ನೂ ಒತ್ತಿರಲಿಲ್ಲ.