ಮನೆ ಒಕ್ಕಲಿನ ಹುಂಜ

ಭಾಗವ್ವನ ಕಪಾಳಕ್ಕೆ ಹೊಡೆದವನು ಸೊಸೈಟಿಯ ಸೆಕ್ರೆಟರಿ ಶ್ರೀರಾಮ್. ಹೊಡೆದದ್ದು ಬಲಗೈಯಲ್ಲಿ; ಎಡಗೈಯಲ್ಲಿ ಹಾಲಿನ ಪ್ಯಾಕೆಟ್ಟುಗಳಿದ್ದವು. ಭಾನುವಾರ ಬೆಳಿಗ್ಗೆ, ಎರಡನೇ ಮಹಡಿಯ ಲಿಫ್ಟಿನ ಮುಂದೆ. ಭಾಗವ್ವ ಎಪ್ಪತ್ತರ ಹತ್ತಿರದ ಮುದುಕಿ.

ಮಗಳು ಗುರುದೇವಿ ಅದನ್ನು ಕಣ್ಣಾರೆ ಕಂಡಳು. ಪಾತ್ರೆಗಳ ಮೂಟೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದವಳು ಕೊನೆಯ ತಿರುವಿನಲ್ಲಿದ್ದಳು. ಸಾಮಾನು ಸಾಗಿಸಲು ಲಿಫ್ಟ್ ಬಳಸಕೂಡದೆಂದು ಕಮಿಟಿಯ ಕಟ್ಟಪ್ಪಣೆ. ಹಾಗಾಗಿ ಬೀರು, ಗ್ಯಾಸು, ಮಂಚ, ಎಲ್ಲವೂ ಹೆಗಲ ಮೇಲೆಯೇ ಏರಬೇಕಿತ್ತು. ಏಟಿನ ಸದ್ದು ಮೊದಲು ಕೇಳಿತು. ಆಮೇಲೆ ಅವ್ವನ ಸೆರಗು ಭುಜದಿಂದ ಜಾರಿದ್ದು ಕಾಣಿಸಿತು. ಅವ್ವ ಬೀಳಲಿಲ್ಲ. ಒಂದು ಅಂಗೈಯನ್ನು ಗೋಡೆಗೆ ಊರಿ ನಿಂತಳು. ಇನ್ನೊಂದು ಕೈಯಲ್ಲಿ, ಕಾಲು ಹಿಡಿದು ನೇತಾಡಿಸಿದ ಹುಂಜ. ಅದಕ್ಕೆ ತಲೆ ಇರಲಿಲ್ಲ. ಕುತ್ತಿಗೆಯಿಂದ ಹನಿ ಹನಿಯಾಗಿ ರಕ್ತ ಬಿಳಿ ಟೈಲ್ಸಿನ ಮೇಲೆ ಬೀಳುತ್ತಿತ್ತು.

ಮೂಟೆ ಗುರುದೇವಿಯ ತಲೆಯಿಂದ ಬಿತ್ತು. ಲೋಟ, ತಟ್ಟೆ, ಸೌಟುಗಳು ಮೆಟ್ಟಿಲಿಂದ ಮೆಟ್ಟಿಲಿಗೆ ಕುಣಿಯುತ್ತಾ ಕೆಳಗಿಳಿದವು.

"ಯಾರ್ ಮೇಲ್ ಕೈ ಮಾಡ್ತಾ ಇದೀರಾ? ವಯಸ್ಸಾದವರು ಅನ್ನೋದು ಕಾಣ್ಸಲ್ವಾ ನಿಮಗೆ?"

"ಹೊಡ್ದಿಲ್ಲಮ್ಮ, ಸರ್ಸಿದೆ ಅಷ್ಟೇ," ಎಂದ ಶ್ರೀರಾಮ್. ಬೆಳಗಿನ ವಾಕಿಂಗ್ ಮುಗಿಸಿ ಬಂದ ಬಿಳಿ ಬೂಟಿನ ತುದಿಯಲ್ಲಿ ಎರಡು ಕೆಂಪು ಚುಕ್ಕೆ ಬಿದ್ದಿದ್ದವು. ಅವನ ಕಣ್ಣು ಅಲ್ಲಿಂದ ಕದಲುತ್ತಿರಲಿಲ್ಲ. "ಇದೇನ್ ಕಸಾಯಿಖಾನೆನಾ? ಮಕ್ಕಳು ಓಡಾಡೋ ಜಾಗ. ಒರ್ಸಿ ಅಂದ್ರೆ ಆಮೇಲ್ ಒರ್ಸ್ತೀನಿ ಅಂತಾರೆ, ಎದುರು ಮಾತು ಬೇರೆ!"

ಮಾತು ನಡೆದದ್ದು ಗುರುದೇವಿಗೂ ಕೆಳಗಿನಿಂದಲೇ ಕೇಳಿಸಿತ್ತು. ಈಗಲೇ ಒರೆಸು ಎಂದವನಿಗೆ ಅವ್ವ, "ಉಂಡ ಮ್ಯಾಲ ಒರಸ್ತೀವಪಾ," ಎಂದು ಸಮಾಧಾನವಾಗಿಯೇ ಹೇಳಿದ್ದಳು. ಅವನು ಥೂ ಎಂದಾಗ ಮಾತ್ರ, "ನಿಮ್ಮ ಗೇಟಿನಾಗ ಕುಂಬಳಕಾಯಿಗೆ ಕುಂಕುಮ ತುಂಬಿ ಒಡದೀರಲ್ಲ, ಅದು ಏನು? ನೆತ್ತರದ ಸೋಗ ಅಲ್ಲೇನು? ನಮ್ದು ಸೋಗಲ್ಲ, ಅಷ್ಟ," ಎಂದಿದ್ದಳು. ಏಟು ಬಿದ್ದದ್ದು ಆ ಮಾತಿಗೆ.

ಹುಂಜ ಬೇಡವೆಂದು ಗುರುದೇವಿ ತಿಂಗಳಿಂದ ಹೇಳಿದ್ದಳು. "ಅವ್ವಾ, ಅಲ್ಲಿ ಎಲ್ಲಾ ಟೈಲ್ಸ್ ಹಾಕ್ಯಾರ. ಹಾಲ ಉಕ್ಕಸೋಣು, ಸಾಕು."

"ಉಕ್ಕಸು. ಬ್ಯಾಡಂದವರ್ಯಾರು? ಹಾಲು ಒಲಿಗೆ. ಹುಂಜ ಹೊಸ್ತಲಕ್ಕ," ಎಂದಿದ್ದಳು ಅವ್ವ.

ಲಿಂಗಸೂಗೂರು ಸೀಮೆಯ ಅವರ ಊರಿನಲ್ಲಿ, ಅವರ ಕೇರಿಯಲ್ಲಿ, ಯಾರೇ ಹೊಸ ಮನೆ ಹೊಕ್ಕರೂ ದುರಗವ್ವನ ಹೆಸರಿನಲ್ಲಿ ಹೊಸ್ತಿಲ ಮೇಲೆ ಹುಂಜ ಕೊಯ್ಯುತ್ತಾರೆ. ಅದರ ರಕ್ತವನ್ನು, ಅದೇ ಹುಂಜದ ಅಡಿಗೆಯಾಗಿ ಮನೆಮಂದಿಯೆಲ್ಲ ಉಂಡ ಮೇಲೆಯೇ ಒರೆಸಬೇಕು. ಮೊದಲೇ ಒರೆಸಿದರೆ ದೇವಿಯ ಬಾಯಿಂದ ತುತ್ತು ಕಸಿದ ಹಾಗೆ. ಮುದುಕಿ ಯಾರಿಗೂ ಹೇಳದೆ ಮೂಡಲಪಾಳ್ಯದ ನೆಂಟರ ಮನೆಯಲ್ಲಿ ಹುಂಜ ಸಾಕಿಸಿ, ಬುಟ್ಟಿಯಲ್ಲಿ ಹಾಕಿ, ಮೇಲೆ ಕೌದಿ ಹೊದಿಸಿ ಸಾಮಾನಿನ ಗಾಡಿಯಲ್ಲೇ ತಂದಿದ್ದಳು. ಮಗಳು ಅಳಿಯ ಕೆಳಗೆ ಸಾಮಾನು ಇಳಿಸುವ ಗಡಿಬಿಡಿಯಲ್ಲಿದ್ದಾಗ ಹೊಸ್ತಿಲ ಮೇಲೆ ಕೆಲಸ ಮುಗಿಸಿದಳು. ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತೇನೋ. ಪುಕ್ಕ ತರಿಯಲು ಹಿತ್ತಿಲು ಬೇಕು, ಹಿತ್ತಿಲು ಕೆಳಗಿರುತ್ತದೆ ಎಂದುಕೊಂಡು, ಮೊಣಕಾಲು ನೋವಿಗೆ ಹೆದರಿ, ಲಿಫ್ಟಿನವರೆಗೆ ಅದನ್ನು ತೂಗಾಡಿಸುತ್ತಾ ನಡೆದುಬಿಟ್ಟಳು. ಬ್ಯಾಡರಹಳ್ಳಿಯಾಚೆಯ ಈ ನಾಲ್ಕು ಮಹಡಿಯ ಕಟ್ಟಡಕ್ಕೆ ಹಿತ್ತಿಲು ಇರಲಿಲ್ಲ.

ಗುರುದೇವಿ ಅವ್ವನ ಕೆನ್ನೆ ಮುಟ್ಟಿ ನೋಡಿದಳು. ನಾಲ್ಕು ಬೆರಳು ಎದ್ದು ಕೂತಿದ್ದವು.

"ಹುಂಜಾನ ಒಳಗ ಇಡು. ಬಾಗಲಾ ಹಾಕ್ಕೋ," ಎಂದಳು.

"ನಾ ಏನ್ ತಪ್ಪ ಮಾಡೀನಿ ಅಂತ ಬಾಗಲಾ ಹಾಕ್ಕೊಳ್ಳಲಿ?"

ಬಾಗಿಲು ಹಾಕಿಕೊಂಡೇ ಗುರುದೇವಿಗೆ ಅಭ್ಯಾಸ. ಬಸವೇಶ್ವರನಗರದಲ್ಲಿ ಅನಂತಲಕ್ಷ್ಮಿ ಎಂಬುವರ ಮನೆಯ ಹಿಂಭಾಗದ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದಷ್ಟು ವರ್ಷವೂ ಒಣಮೀನು ಹುರಿಯುವಾಗ ಕಿಟಕಿ ಹಾಕಿ ಊದಿನಕಡ್ಡಿ ಹಚ್ಚಿದ್ದಳು. ಮೂಳೆಗಳನ್ನು ಪೇಪರಿನಲ್ಲಿ ಸುತ್ತಿ, ವ್ಯಾನಿಟಿ ಬ್ಯಾಗಿನಲ್ಲಿಟ್ಟುಕೊಂಡು ಹೋಗಿ, ತಾನು ನರ್ಸಾಗಿದ್ದ ಆಸ್ಪತ್ರೆಯ ಕಸದ ಡಬ್ಬಿಗೆ ಹಾಕಿದ್ದಳು. "ನೀವೆಲ್ಲಾ ಎಷ್ಟು ನೀಟು ಕಣೇ, ಗೊತ್ತೇ ಆಗಲ್ಲ," ಎಂದು ಆಕೆ ಮೆಚ್ಚಿದಾಗ ಹಲ್ಲುಬಿಟ್ಟಿದ್ದಳು. ಏನು ಗೊತ್ತಾಗುವುದಿಲ್ಲ ಎಂದು ಒಂದು ದಿನವೂ ಕೇಳಿರಲಿಲ್ಲ. ನೌಕರರ ಸಹಕಾರ ಸಂಘದ ಈ ಫ್ಲ್ಯಾಟಿನ ಕೀಲಿಕೈ ಸಿಕ್ಕ ದಿನ ಅವಳು ಗಂಡನಿಗೆ ಹೇಳಿದ್ದು ಒಂದೇ ಮಾತು: "ಇನ್ಮೇಲೆ ಅಡಿಗೆ ಮನೆ ಕಿಟಕಿ ತೆಗ್ದೇ ಇಡೋದು."

ಮುತ್ತುರಾಜ ಆಗಲೇ ಮೇಲೆ ಬಂದ. ಮಾಗಡಿ ರಸ್ತೆಯಲ್ಲಿ ಆಟೋ ಓಡಿಸುವ ಆಳು. ಹೆಗಲ ಮೇಲೆ ಫ್ಯಾನು, ಕೊರಳಲ್ಲಿ ಟವಲು. ದಾರಿಯುದ್ದಕ್ಕೂ ಚೆಲ್ಲಿದ್ದ ಲೋಟಗಳನ್ನು ದಾಟುತ್ತಾ, "ಏನೇ ಇದು, ಗೃಹಪ್ರವೇಶಕ್ಕೆ ಬ್ಯಾಂಡ್ ಸೆಟ್ಟಾ?" ಎಂದು ನಗುತ್ತಲೇ ಬಂದವನು ಅತ್ತೆಯ ಮುಖ ನೋಡಿದ. ಫ್ಯಾನು ಕೆಳಗಿಟ್ಟ.

"ಯಾರು?"

ಶ್ರೀರಾಮ್ ಒಂದು ಹೆಜ್ಜೆ ಹಿಂದಕ್ಕಿಟ್ಟ. ಅಷ್ಟು ಸಾಕಾಯಿತು. ಮುತ್ತುರಾಜ ಅವನ ಟಿ-ಶರ್ಟಿನ ಕತ್ತುಪಟ್ಟಿ ಹಿಡಿದು ಲಿಫ್ಟಿನ ಬಾಗಿಲಿಗೆ ಒತ್ತಿದ. ಹಾಲಿನ ಪ್ಯಾಕೆಟ್ಟು ಒಡೆದು ಇಬ್ಬರ ಕಾಲ ಮೇಲೂ ಸುರಿಯಿತು.

"ನಿಮ್ ತಾಯಿ ವಯಸ್ಸಲ್ವೇನೋ ಅವರದು? ಹೊಡೀತೀಯಾ? ಈಗ್ ಹೊಡಿ, ನಂಗ್ ಹೊಡಿ!"

"ದರ್ಶನ್! ದರ್ಶನ್, ಬಾರೋ!" ಎಂದು ಕೂಗಿದ ಶ್ರೀರಾಮ್.

ಎದುರು ಫ್ಲ್ಯಾಟಿನ ಬಾಗಿಲು ತೆರೆಯಿತು. ದರ್ಶನ್ ಶ್ರೀರಾಮನ ತಂಗಿಯ ಮಗ. ಜಿಮ್ಮಿನಲ್ಲಿ ಬೆಳೆಸಿದ ತೋಳು, ಚಡ್ಡಿ, ಕಿವಿಯಲ್ಲಿ ಇಯರ್‌ಫೋನು. ಇಯರ್‌ಫೋನು ಕಿತ್ತು ಜೇಬಿಗೆ ಹಾಕಿಕೊಂಡ. ಗೋಡೆಗೆ ಒರಗಿಸಿಟ್ಟಿದ್ದ ಗುರುದೇವಿಯ ಮಂಚದ ಕಬ್ಬಿಣದ ಪಟ್ಟಿ ಅವನ ಕೈಗೆ ಸಿಕ್ಕಿತು. ಯಾಕೆ, ಏನು ಎಂದು ಕೇಳಲಿಲ್ಲ. ಮೊದಲ ಏಟು ಮುತ್ತುರಾಜನ ಬೆನ್ನಿಗೆ. ಅವನು ತಿರುಗಿದಾಗ ಎರಡನೆಯದು ನೆತ್ತಿಗೆ. ತೆಂಗಿನಕಾಯಿ ಒಡೆದ ಸದ್ದಲ್ಲ ಅದು. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂಥ ಮಂಕು ಸದ್ದು. ಮುತ್ತುರಾಜ ಹಾಲಿನಲ್ಲಿ ಜಾರಿ ಕುಸಿದ. ಕುಸಿದವನ ಪಕ್ಕೆಗೆ ಶ್ರೀರಾಮ್ ಒದ್ದ. ಮೇಲಿನ ಮಹಡಿಯಿಂದ ಇಳಿದು ಬಂದ ಇನ್ನಿಬ್ಬರು ಬಿಡಿಸುವವರಂತೆ ಬಂದು, ಬಿಡಿಸುವವರಂತೆಯೇ ಮುತ್ತುರಾಜನ ಎರಡೂ ಕೈ ಹಿಡಿದುಕೊಂಡರು. ದರ್ಶನ್ ಪಟ್ಟಿ ಎಸೆದು ಮುಷ್ಟಿಯಲ್ಲಿ ಗುದ್ದಿದ. ಬಾಯಿಗೆ, ಮತ್ತೆ ಬಾಯಿಗೆ.

"ಇದು ನಿಮ್ ಕೇರಿ ಅಲ್ಲ ಮಗಾ. ನೆನಪಿರ್ಲಿ."

ಗುರುದೇವಿ ದರ್ಶನ್‌ನ ಬೆನ್ನ ಮೇಲೆ ಬಿದ್ದಳು. ಕೂದಲು ಹಿಡಿದಳು, ಕಿವಿ ಕಚ್ಚಿದಳು. ಅವನು ಮೊಣಕೈಯಲ್ಲಿ ಎತ್ತಿ ಒಗೆದಾಗ ಅವಳ ತುಟಿ ಹಲ್ಲಿಗೆ ತಾಗಿ ಹರಿಯಿತು. ಭಾಗವ್ವ ಕೈಯಲ್ಲಿದ್ದುದನ್ನೇ ಬೀಸಿದಳು. ತಲೆಯಿಲ್ಲದ ಹುಂಜ ರೆಕ್ಕೆ ಬಿಚ್ಚಿಕೊಂಡು ದರ್ಶನ್‌ನ ಮುಖಕ್ಕೆ ಬಡಿಯಿತು. ಹಣೆ, ಕಣ್ಣು, ಬಾಯಿ ಎಲ್ಲ ಕೆಂಪಾಯಿತು. ಅವನು ಕಿರುಚಿದ. ಹೊಡೆದಾಟ ನಿಂತದ್ದು ಆ ಕಿರುಚಾಟಕ್ಕೆ. ಮನುಷ್ಯನ ತಲೆ ಒಡೆದಾಗ ಸುಮ್ಮನಿದ್ದ ಬಾಗಿಲುಗಳೆಲ್ಲ ಈಗ ತೆರೆದವು.

ಕೆಳಗೆ ಸಾಮಾನಿನ ಗಾಡಿಯವನು ಗಲಾಟೆ ಕೇಳಿ, ಅರ್ಧ ಸಾಮಾನನ್ನು ಗೇಟಿನ ಬಳಿ ಇಳಿಸಿ ಹೊರಟೇ ಹೋಗಿದ್ದ. ಗುರುದೇವಿ ಆಂಬುಲೆನ್ಸಿಗೆ ಫೋನ್ ಮಾಡಿದಳು, ಪೊಲೀಸರಿಗೆ ಮಾಡಿದಳು. ಬರುತ್ತೇವೆ ಎಂದರು. ಗಂಡನ ಟವಲನ್ನು ಮಡಚಿ ಅವನ ನೆತ್ತಿಗೆ ಒತ್ತಿ ಹಿಡಿದು ಗೋಡೆಗೆ ಒರಗಿಸಿ ಕೂರಿಸಿದಳು.

"ನನ್ ಹೆಸರೇನು?"

"ದೇವಿ," ಎಂದ ಮುತ್ತುರಾಜ, ಒಡೆದ ತುಟಿಯಲ್ಲೇ. "ಅಲ್ಲ, ರಾಕ್ಷಸಿ. ಕಿವಿ ಕಚ್ಚಿದ್ಯಲ್ಲೇ."

ಅವಳಿಗೆ ಅಳು ಬಂತು, ಆದರೆ ಕೈ ಸಡಿಲಿಸಲಿಲ್ಲ.

ಅಷ್ಟರಲ್ಲಿ ಸಂಘದ ಅಧ್ಯಕ್ಷರಾದ ಶಂಭುಲಿಂಗಪ್ಪ ಬಂದರು. ಸ್ನಾನವಾಗಿತ್ತು, ಹಣೆಯಲ್ಲಿ ವಿಭೂತಿ ಇನ್ನೂ ಒದ್ದೆಯಾಗಿತ್ತು. ಪಂಚೆ ಎತ್ತಿ ಹಿಡಿದು, ರಕ್ತ ತುಳಿಯದ ಹಾಗೆ ಜಾಗ ನೋಡಿ ನೋಡಿ ಹೆಜ್ಜೆಯಿಟ್ಟರು. ದರ್ಶನ್‌ಗೆ, "ಹೋಗಿ ಮುಖ ತೊಳಕೊಳ್ಳೋ," ಎಂದರು. ಶ್ರೀರಾಮನಿಗೆ ಕಣ್ಣಲ್ಲೇ ಸುಮ್ಮನಿರು ಎಂದರು. ನೆಲ ಒರೆಸುವ ಲಕ್ಷ್ಮಿಯನ್ನು ಕರೆಸಿ, ಫಿನೈಲು ನೀರಿನ ಬಕೆಟ್ಟು ತರಿಸಿದರು. ಅವಳು ಬಟ್ಟೆ ಅದ್ದಿ ಬಗ್ಗುವಷ್ಟರಲ್ಲಿ ತಡೆದರು.

"ನೀ ಅಲ್ಲ. ಇಡು ಅಲ್ಲಿ."

ಆಮೇಲೆ ಗುರುದೇವಿಯ ಕಡೆ ಬಗ್ಗಿ, ದನಿ ಇಳಿಸಿ, ಅವಳ ಊರ ಕಡೆಯ ಮಾತಿಗೇ ಹೊರಳಿದರು. "ತಂಗಿ, ನಾನೂ ಧಾರವಾಡದ ಕಡಿಯಾಂವನ. ನಮ್ಮ ಮಂದಿ ಸಿಟ್ಟು ನನಗ ಗೊತ್ತೈತಿ. ಆಗಬಾರದಿತ್ತು, ಆತು. ಸಹಕಾರ ಸಂಘ ಅಂದ್ರ ಒಂದ ಮನಿ ಇದ್ದಂಗ. ಮನಿ ಜಗಳಾ ಪೊಲೀಸ್ರ ತನಕ ಒಯ್ಯಬಾರದು."

"ಇವ್ರಿಗೆ ಹೊಲಿಗೆ ಹಾಕಿಸ್ಬೇಕು ಸಾರ್. ನಿಮ್ ಕಾರ್ ಇದ್ಯಲ್ಲ," ಎಂದಳು ಗುರುದೇವಿ ಬೆಂಗಳೂರಿನ ಮಾತಿನಲ್ಲೇ.

"ಕಾರ್ ಕೆಳಗ ನಿಂತೈತಿ. ಕೀಲಿ ನನ್ನ ಕೈಯಾಗ ಐತಿ." ಕೀಲಿ ತೋರಿಸಿದರು. "ಮೊದಲ ಇದನ್ನ ಒರಸಿಬಿಡ್ರಿ. ಅಲ್ಲಿಂದ ಇಲ್ಲಿತನಕ, ಪೂರ್ತಿ. ಮುದುಕಿ ಮಾಡ್ಯಾಳ, ಮುದುಕೀನ ಒರಸಲಿ. ಅಂದ್ರ ಉಳಿದ ಮೆಂಬರ್ಸಿಗೂ ಸಮಾಧಾನ ಆಕ್ಕೈತಿ. ಪೊಲೀಸ್ರು ಬಂದ್ರ ಕಾಲ ಜಾರಿ ಬಿದ್ದ ಅನ್ರಿ. ಹಾಲು ಚೆಲ್ಲೇತಲ್ಲ, ಖರೇನ ಅನಸ್ತೈತಿ. ನಾಳಿಗೆ ಒಂದು ಪುಣ್ಯಾಹ ಮಾಡಸೋಣು, ಮುಗೀತು."

ಗುರುದೇವಿ ನೆಲ ನೋಡಿದಳು. ಹೊಸ್ತಿಲಿಂದ ಲಿಫ್ಟಿನವರೆಗೆ ಹನಿ ಹನಿ ಹುಂಜದ್ದು. ಲಿಫ್ಟಿನಿಂದ ಗೋಡೆಯವರೆಗೆ ಎಳೆದ ಹಾಗಿದ್ದದ್ದು ಗಂಡನದು. ಗೋಡೆಯ ಬಳಿ ಸಣ್ಣದಾಗಿ ಚಿಮ್ಮಿದ್ದು ಅವಳ ತುಟಿಯದು. ನಡುವೆ ಹಾಲು ಸೇರಿ, ಯಾವುದು ಯಾರದೆಂದು ಹೇಳಲಾಗದ ಹಾಗೆ ನಸುಗೆಂಪಾಗಿತ್ತು. ಹೆರಿಗೆ ವಾರ್ಡಿನಲ್ಲಿ ಅವಳು ಒರೆಸಿದ ರಕ್ತಕ್ಕೆ ಲೆಕ್ಕವಿಲ್ಲ. ಈ ಕೆಲಸ ಅವಳಿಗೆ ಎರಡು ನಿಮಿಷದ್ದು.

"ಒರ್ಸಿಬಿಡು ದೇವಿ," ಎಂದ ಮುತ್ತುರಾಜ. "ತಲೆ ಸಿಡೀತಾ ಇದೆ. ನಾಳೆಯಿಂದ ಇಲ್ಲೇ ಬಾಳ್ಬೇಕಲ್ವೇನೇ ನಾವು?"

ಅವಳು ಉತ್ತರಿಸುವ ಮೊದಲೇ ಭಾಗವ್ವ ಮೊಣಕಾಲೂರಿದ್ದಳು. ಬಟ್ಟೆಗೂ ಕೈ ಚಾಚಲಿಲ್ಲ. ತನ್ನ ಸೆರಗನ್ನೇ ಉಂಡೆ ಮಾಡಿ ಬಕೆಟ್ಟಿಗೆ ಅದ್ದಿದಳು. "ನಾನ ಒರಸ್ತೀನಿ ಬಿಡ್ರೀ ಯಪ್ಪಾ. ನಂದ ತಪ್ಪು. ದುರಗವ್ವನ ಕೈ ಕಾಲು ಬೇಕಾರ ಆಮ್ಯಾಲ ಹಿಡೀತೀನಿ. ಅಳಿಯಾನ ಕರಕೊಂಡ್ ಹೋಗ್ರಿ ಮೊದಲ." ಕೆನ್ನೆಯ ಮೇಲಿನ ಬೆರಳ ಗುರುತು ಈಗ ನೀಲಿಯಾಗತೊಡಗಿತ್ತು.

"ಹಾಂ, ಹಿಂಗ," ಎಂದರು ಶಂಭುಲಿಂಗಪ್ಪ.

ಒಂದು ಕೈಯಿಂದ ಟವಲು ಒತ್ತಿ ಹಿಡಿದಿದ್ದ ಗುರುದೇವಿ ಇನ್ನೊಂದು ಕೈಯಿಂದ ಅವ್ವನ ಮಣಿಕಟ್ಟು ಹಿಡಿದಳು. ಸೆರಗಿನಿಂದ ಬಿಳಿ ನೀರು ತೊಟ್ಟಿಕ್ಕುತ್ತಿತ್ತು.

"ಏಳವ್ವಾ."

"ಬಿಡ ಗುರೂ, ಎರಡು ಕೈ ಹೊಡದ್ರ—"

"ಏಳು ಅಂದ್ನಿ."

"ಗಂಡನ ಜೀವದ ಜೋಡಿ ಹಟ ಮಾಡಬ್ಯಾಡ ತಂಗಿ," ಎಂದರು ಶಂಭುಲಿಂಗಪ್ಪ. ದನಿಯಲ್ಲಿನ ಜೇನು ಕರಗಿತ್ತು. "ಈ ಕಟ್ಟಡದಾಗ ಇರಬೇಕೋ ಬ್ಯಾಡೋ, ಅದನ್ನ ಹೇಳು. ನೀರಿಂದು, ಕರೆಂಟಿಂದು, ಎಲ್ಲಾ ನಮ್ಮ ಕೈಯಾಗ ಐತಿ. ಹಿಡಿ ಬಟ್ಟಿ."

ಲಕ್ಷ್ಮಿಯ ಕೈಯಿಂದ ಬಟ್ಟೆ ಕಿತ್ತು ಗುರುದೇವಿಯ ತೊಡೆಯ ಮೇಲೆ ಹಾಕಿದರು. ಬಾಗಿಲುಗಳಲ್ಲಿ ನಿಂತವರು ಕಾದರು. ಯಾರದೋ ಮನೆಯ ಕುಕ್ಕರು ಕೂಗಿತು.

ಗುರುದೇವಿ ಗಂಡನ ಕಣ್ಣು ನೋಡಿದಳು. ಕಣ್ಣು ಅವಳನ್ನೇ ನೋಡುತ್ತಿದ್ದವು, ತೇಲುತ್ತಿರಲಿಲ್ಲ. ಟವಲಿನ ಅಡಿಯಲ್ಲಿ ಬಿಸಿ ಹರಿಯುವುದು ನಿಂತಿತ್ತು. ತೊಡೆಯ ಮೇಲಿನ ಬಟ್ಟೆಯನ್ನು ಎತ್ತಿ ಬಕೆಟ್ಟಿನೊಳಕ್ಕೆ ಹಾಕಿದಳು. ಅವ್ವನನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಕಾಲು ಚಾಚಿ, ನಸುಗೆಂಪು ನೆಲದ ನಟ್ಟನಡುವೆ ಹಿಮ್ಮಡಿ ಊರಿದಳು.

"ಒರಸಂಗಿಲ್ರೀ," ಎಂದಳು.

"ಏನಂದಿ?"

"ನಾನೂ ಒರಸಂಗಿಲ್ಲ. ಅಕೀಗೂ ಒರಸಗೊಡಂಗಿಲ್ಲ."

ಬಕೆಟ್ಟಿನಲ್ಲಿ ಬಟ್ಟೆ ನೀರು ಕುಡಿದು ನಿಧಾನವಾಗಿ ತಳಕ್ಕಿಳಿಯಿತು. ಮೇಲೆದ್ದ ನೊರೆ ಒಂದೊಂದೇ ಗುಳ್ಳೆಯಾಗಿ ಒಡೆಯತೊಡಗಿತು.