ವಾರಿಜಾಕ್ಷಿಯ ಬ್ಲಾಕು

ಬಂಟ್ವಾಳದ ಪೇಟೆಯ ಪ್ರೆಸ್ಸಿನಲ್ಲಿ ಅಕ್ಷರದ ಅಚ್ಚುಮೊಳೆ ಜೋಡಿಸುತ್ತ ಹದಿನೆಂಟು ವರ್ಷ ಕಳೆದವನು ನಾನು. ಸನ್ಮಾನ ಸಮಿತಿಯವರಷ್ಟು ಲಜ್ಜೆಗೆಟ್ಟ ಗಿರಾಕಿಗಳನ್ನು ಕಂಡಿಲ್ಲ. ಅವರಿಗೆ ಶಾಲು ಹೊದೆಸಲು ಒಂದು ಹೆಗಲು ಬೇಕು, ಅಷ್ಟೆ. ಅದು ಯಾರದ್ದಾದರೂ ನಡೆಯುತ್ತದೆ.

ಮೂಡಬಿದ್ರೆಯ ಸಮಿತಿಯ ಅಧ್ಯಕ್ಷ ತಿರುಮಲೇಶ್ವರನಂತೂ ಈ ವಿದ್ಯೆಯಲ್ಲಿ ಎಲ್ಲರಿಗೂ ಗುರು. ಎಪ್ಪತ್ತೊಂಬತ್ತರಲ್ಲಿ ಬೆಳ್ತಂಗಡಿಯ ವಾರಿಜಾಕ್ಷಿ ಮಂಗಳೂರಿನ ಸೌಂದರ್ಯ ಸ್ಪರ್ಧೆ ಗೆದ್ದಾಗ, ಅವಳ ಫೋಟೋವನ್ನು ತಗಡಿನಲ್ಲಿ ಕೊರೆಸಿ ಬ್ಲಾಕು ಮಾಡಿಸಿ, ನಮ್ಮ ಪ್ರೆಸ್ಸಿನಲ್ಲೇ ಆಮಂತ್ರಣ ಅಚ್ಚು ಹಾಕಿಸಿದ್ದ. ಎರಡು ವರ್ಷದ ಮೇಲೆ ಪುತ್ತಿಗೆಯ ಇನ್ನೊಬ್ಬ ವಾರಿಜಾಕ್ಷಿಗೆ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಬಂತು. ಗೇರುಬೀಜದ ಸಿಪ್ಪೆಯ ಎಣ್ಣೆಯ ಮೇಲೆ ಸಂಶೋಧನೆ. ಅವಳಿಗೂ ಸನ್ಮಾನವೆಂದು ಹೊರಟ.

ಅವಳ ತಾಯಿ ಎರಡು ಬಸ್ಸು ಹಿಡಿದು ಮಗಳ ಫೋಟೋ ತಂದುಕೊಟ್ಟರು. ಕಾರ್ಖಾನೆಯಲ್ಲಿ ಗೇರುಬೀಜ ಒಡೆದು, ಅದೇ ಎಣ್ಣೆಗೆ ಸುಟ್ಟು ಕಪ್ಪಾದ ಬೆರಳುಗಳು.

"ನನಗೆ ಓದಲಿಕ್ಕೆ ಬರುವುದಿಲ್ಲ ಅಣ್ಣ. ಮೋರೆ ಚಂದ ಬರಲಿ, ಅಚ್ಚಾದ ಕಾಗದ ಗೋಡೆಗೆ ಹಾಕ್ತೇನೆ. ಹೆಣ್ಣಿಗೆ ಯಾಕೆ ಓದು ಅಂತ ಕೇಳಿದವರೆಲ್ಲ ಬಂದು ನೋಡಲಿ."

ಆಗಲಿ ಎಂದೆ.

ತಿರುಮಲೇಶ್ವರ ಬಂದು ಆ ಫೋಟೋ ನೋಡಿ ಮೂಗು ಮುರಿದ. ದಪ್ಪ ಕನ್ನಡಕ, ಎಣ್ಣೆ ಹಚ್ಚಿ ಬಿಗಿದ ಜಡೆ.

"ಈ ಮೋರೆ ನೋಡಿ ಯಾರು ಬರ್ತಾರೆ ಮಾರಾಯ? ಹಳೆಯ ಬ್ಲಾಕು ಉಂಟಲ್ಲ, ಅದನ್ನೇ ಹಾಕು. ಹೆಸರು ಒಂದೇ ಅಲ್ಲವಾ? ಸಭೆ ತುಂಬಿದರೆ ಸಾಕು."

ಆಗುವುದಿಲ್ಲ ಎನ್ನಬಹುದಿತ್ತು. ನಾನು ಅನ್ನಲಿಲ್ಲ. ಹಳೆಯ ಬ್ಲಾಕಿನ ಧೂಳು ಒರೆಸಿ, ಕೆಳಗೆ 'ಡಾ. ವಾರಿಜಾಕ್ಷಿ' ಎಂದು ಮೊಳೆ ಜೋಡಿಸಿದೆ. ಈಗ ಅವನನ್ನು ಬೈಯುವ ಈ ಬಾಯಿ ಆಗ ಎಲ್ಲಿತ್ತೋ.

ಅವನು ಆಮಂತ್ರಣದ ಕಟ್ಟು ಒಯ್ಯಲು ಬಂದ ದಿನವೇ ಆ ತಾಯಿಯೂ ಬಂದರು. ಒಂದು ಪ್ರತಿ ಕೊಟ್ಟೆ. ಬಹಳ ಹೊತ್ತು ನೋಡಿದರು.

"ಇದು ಯಾರು?"

"ಹೆಸರು ನಿನ್ನ ಮಗಳದ್ದೇ," ತಿರುಮಲೇಶ್ವರ ಹಲ್ಲು ಕಿರಿದ. "ಮೋರೆ ಯಾರದ್ದಾದರೆ ಏನು? ಶಾಲು ಅವಳಿಗೇ ಹೊದೆಸ್ತೇವೆ."

ಆಕೆ ಅವನ ಕಡೆ ತಿರುಗಲಿಲ್ಲ. "ಹೆಸರು ಎಲ್ಲಿ ಉಂಟು, ತೋರಿಸಿ ಅಣ್ಣ."

ಬೆರಳಿಟ್ಟು ತೋರಿಸಿದೆ. ಆ ಸಾಲನ್ನು ನಿಧಾನವಾಗಿ, ಅಕ್ಷರ ಹಾಳಾಗದಂತೆ ಹರಿದುಕೊಂಡರು. ಉಳಿದ ಚಂದದ ಮುಖವನ್ನು ಅಧ್ಯಕ್ಷನ ಕೈಗಿಟ್ಟರು.

"ಶಾಲು ಇವಳಿಗೇ ಹೊದೆಸಿ ಧಣಿ. ನನ್ನ ಮಗಳು ಬರುವುದಿಲ್ಲ."

ಆಮೇಲೆ ನನ್ನತ್ತ ಕೈಚಾಚಿ ಫೋಟೋ ಕೇಳಿದರು. ಡ್ರಾಯರಿನಿಂದ ತೆಗೆದುಕೊಟ್ಟೆ. ಹೆಸರಿನ ಚೂರನ್ನು ಅದರ ಕೆಳಗೆ ಹಿಡಿದು ನೋಡಿ, "ಸರಿಯಾಗ್ತದೆ. ಅಂಟು ಉಂಟಾ?" ಎಂದರು.

ಅಂಟಿನ ಡಬ್ಬಿ ಮೇಜಿನ ಮೇಲೆಯೇ ಇತ್ತು. ಹಚ್ಚಿಕೊಡಲು ಹೋದೆ. ಆಕೆ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡರು.

"ನೀವು ಬೇಡ."